ಕೊಕ್ಕೆಯೋ, ಬೆರಳೋ

ಮಾರಿಷಸ್‌ಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಮುದ್ರದ ವಿಷಯ. ನೀರು ನಿಜವಾಗಿಯೂ ಅಷ್ಟು ನೀಲಿಯೇ, ಮರಳು ಅಷ್ಟು ಬಿಳಿಯೇ ಎಂದು. ಇರಬಹುದು. ವಿಮಾನ ಇಳಿಯುವಾಗ ಕಿಟಕಿಯಿಂದ ಕಂಡದ್ದಂತೂ ನೀಲಿಯಾಗಿಯೇ ಇತ್ತು. ಆಮೇಲೆ ಅದರ ಕಡೆ ತಿರುಗಿ ನೋಡಲು ನನಗೆ ಪುರುಸೊತ್ತು ಸಿಗಲಿಲ್ಲ. ಆ ದ್ವೀಪದಲ್ಲಿ ನಾನು ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದು ನೊಣಗಳ ಹಿಂಭಾಗವನ್ನು. ನಗುವವರು ನಗಲಿ. ಆ ವಿದ್ಯೆಯಲ್ಲಿ ನಾನು ಈಗ ಯಾರಿಗೂ ಕಡಿಮೆ ಇಲ್ಲ.

ಪುಣೆ, ನಮ್ಮ ಅಡಿಗೆಮನೆ

ಹೊರಡಬೇಕಾಗಿದ್ದವಳು ನಾನಲ್ಲ, ನನ್ನ ನಾದಿನಿ ವಸುಧಾ. ಪುಣೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಮದುವೆ ಬೇಡವೆಂದು ಮೊದಲೇ ಹೇಳಿ ಮುಗಿಸಿದ್ದಳು. ನಮ್ಮ ಜೊತೆಯೇ, ಮೇಲಿನ ಕೋಣೆಯಲ್ಲಿ ಇರುತ್ತಾಳೆ. ತೊಂಬತ್ತರ ದಶಕದ ನಡುವಿನ ಮಾತಿದು. ಆಗ ಅವಳು ದಿನಾ ಸಂಜೆ ಕಾಲೇಜಿನಿಂದ ಬಂದು ಪಿಎಚ್.ಡಿ. ಕೆಲಸಕ್ಕೆ ಕೂಡುತ್ತಿದ್ದಳು. ಅವಳ ವಿಷಯ ಹಣ್ಣಿನ ನೊಣ. ಬಾಳೆಹಣ್ಣು ಕಪ್ಪಾದ ಕೂಡಲೇ ಎಲ್ಲಿಂದಲೋ ಬಂದು ಮುತ್ತುವ, ಎಳ್ಳಿನ ಕಾಳಿನಷ್ಟಿರುವ, ಕೆಂಪು ಕಣ್ಣಿನ ಆ ಸಣ್ಣ ನೊಣಕ್ಕೆ ಪುಣೆಯ ಮರಾಠಿಯಲ್ಲಿ ಚಿಲಟ ಎನ್ನುತ್ತಾರೆ. ಕೆಳಗೆ ನಾನು ಸೆರಗು ಬೀಸಿ ಓಡಿಸುತ್ತಿದ್ದ ಚಿಲಟಗಳನ್ನು ಮೇಲೆ ಅವಳು ಸೀಸೆಗಳಲ್ಲಿ ಸಾಕುತ್ತಿದ್ದಳು. ಒಂದೇ ಮನೆ, ಒಂದೇ ನೊಣ, ಎರಡು ಧರ್ಮ.

ನಮ್ಮ ಅಡಿಗೆಮನೆಯ ನೊಣ ಲೋಕವನ್ನೆಲ್ಲ ತಿರುಗಿದ ಜಾತಿ. ಮನುಷ್ಯ ಹೋದಲ್ಲೆಲ್ಲ ಅವನ ಹಣ್ಣಿನ ಬುಟ್ಟಿಯ ಬೆನ್ನು ಹತ್ತಿ ಹೋಗುತ್ತದೆ. ಅದರ ದಾಯಾದಿಯೊಂದು ಮಾರಿಷಸ್ ಕಡೆಯದು, ತನ್ನ ದ್ವೀಪ ಬಿಟ್ಟು ಕದಲದು. ನೋಡಲು ಎರಡೂ ತದ್ರೂಪ. ಆದರೆ ಒಂದೇ ಸೀಸೆಯಲ್ಲಿ ಬಿಟ್ಟರೆ ಸಂಬಂಧ ಬೆಳೆಸಲು ಹಿಂದೆ ಮುಂದೆ ನೋಡುತ್ತವೆ. ಬೆಳೆಸಿದರೂ ಮೊಮ್ಮಕ್ಕಳ ಮುಖ ಕಾಣುವುದಿಲ್ಲ. ಏಕೆ ಎನ್ನುವುದೇ ವಸುವಿನ ಪ್ರಬಂಧದ ಕೊನೆಯ ಅಧ್ಯಾಯ. ಅದಕ್ಕೆ ದ್ವೀಪದ ನೊಣ ಜೀವಂತವಾಗಿ, ಕಲಬೆರಕೆ ಇಲ್ಲದೆ ಬೇಕಿತ್ತು. ಎರಡು ಸಲ ಪರದೇಶದಿಂದ ಅಂಚೆಯಲ್ಲಿ ತರಿಸಿದ್ದಳು. ಎರಡು ಸಲವೂ ಮುಂಬೈ ಸೆಕೆಗೆ ಸತ್ತು ಬಂದವು. ಧಾರವಾಡದ ಅವಳ ಗುರುಗಳು ಆ ವರ್ಷವೇ ನಿವೃತ್ತರಾಗುವವರು. ತಾನೇ ಹೋಗಿ ತರುವುದೆಂದು ಎರಡೂ ಸರ್ಕಾರಗಳ ಪರವಾನಗಿ ಕೈಯಲ್ಲಿ ಹಿಡಿದಳು. ಕಾಲೇಜು ಕೂಡ ಬೇಸಿಗೆ ರಜೆಗೆ ಒಮ್ಮೆ, ಒಮ್ಮೆ ಮಾತ್ರ, ಕಳಿಸಲು ಒಪ್ಪಿತ್ತು.

ಅಷ್ಟರಲ್ಲಿ ಸ್ವಾರಗೇಟಿನ ಹತ್ತಿರ, ಟ್ಯಾಂಕರು ಚೆಲ್ಲಿದ ನೀರಿನ ಮೇಲೆ ಅವಳ ಲೂನಾ ಮೊಪೆಡ್ ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಒಮ್ಮೆ ಕಟ್ಟಿದ ಪ್ಲಾಸ್ಟರು ಬಿಚ್ಚಿ ಮತ್ತೊಮ್ಮೆ ಕಟ್ಟಿದರು. ಪ್ರಯಾಣದ ದಿನ ಬಂದರೂ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲೇ ಉಳಿಯುವುದು ಖಾತ್ರಿಯಾಯಿತು.

"ವೈನಿ, ನೀವs ಬರಬೇಕು. ತಲಿ ನಂದು, ಕೈ ನಿಮ್ದು," ಅಂದಳು.

"ಚಿಲಟಾ ಹಿಡಿಯಾಕ ನಾ ಪಾಸ್‌ಪೋರ್ಟ್ ಮಾಡಸಬೇಕs?"

ನಮ್ಮವರು ಪೇಪರು ಕೆಳಗಿಳಿಸಿದರು. "ಹೋಗಿ ಬಾ. ಅಕ್ಕಿಯೊಳಗಿನ ಹಳ್ಳು ನಿನ್ನಂಗ ಆರಸವ್ರು ಯಾರದಾರ? ನಿಮ್ಮಿಬ್ಬರ ಜಗಳಾ ಏನಿದ್ರೂ ಅಲ್ಲೇ ಮುಗಿಸಿ ಬರ್ರಿ, ಇಲ್ಲಿಗೆ ತರಬ್ಯಾಡ್ರಿ."

ಪಾಠ ಅಡಿಗೆಮನೆಯ ಮೇಜಿನ ಮೇಲೆಯೇ ಶುರುವಾಯಿತು. ನೊಣಗಳನ್ನು ಬರ್ಫದ ತಟ್ಟೆಯ ಮೇಲೆ ಮಲಗಿಸಿದರೆ ತಣ್ಣಗಾಗಿ ನಿದ್ದೆ ಹೋಗುತ್ತವೆ. ನಾನು ಬಣ್ಣದ ಸಣ್ಣ ಕುಂಚದಿಂದ ಹೊರಳಿಸಬೇಕು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅವಳು ಹೇಳಬೇಕು. ನಾಲ್ಕು ದಿನದಲ್ಲಿ ನಾನೂ ಹೇಳತೊಡಗಿದೆ. ಗಂಡಿನ ಬಾಲದ ತುದಿ ಕಪ್ಪು, ಮುಂಗಾಲಿಗೆ ಒಂದು ಪುಟ್ಟ ಬಾಚಣಿಗೆ. ಹೆಣ್ಣು ಮೈತುಂಬಿಕೊಂಡದ್ದು. ಇನ್ನು ಜಾತಿ ತಿಳಿಯಬೇಕಾದರೆ ಗಂಡನ್ನು ಮಗ್ಗುಲಾಗಿ ಮಲಗಿಸಿ ಹಿಂಭಾಗ ನೋಡಬೇಕು. ಅಲ್ಲಿ ಕೂದಲೆಳೆಯಂಥ ಒಂದು ಅಂಗವಿದೆ. ಲೋಕ ತಿರುಗುವ ಜಾತಿಯಲ್ಲಿ ಅದು ಕೊಕ್ಕೆ. ದ್ವೀಪದ ಜಾತಿಯಲ್ಲಿ ನೀಟಾದ ಬೆರಳು. ಅಷ್ಟೇ ವ್ಯತ್ಯಾಸ.

ನನಗೆ ಬೆಳಗಾವಿಯ ಕಾನ್ವೆಂಟಿನ ಸಿಸ್ಟರ್ ನೆನಪಾದರು. ಹೊಲಿಗೆ ತಾಸಿನಲ್ಲಿ ನಾವು ಎಷ್ಟೇ ಚಂದ ಹೂ ತೆಗೆದು ಒಯ್ದರೂ ಅವರು ಮುಂಭಾಗ ನೋಡುತ್ತಲೇ ಇರಲಿಲ್ಲ. ಬಟ್ಟೆ ತಿರುಗಿಸಿ ಹಿಂದಿನ ಗಂಟು ನೋಡುತ್ತಿದ್ದರು, ಅಲ್ಲಿಂದಲೇ ಮಾರ್ಕು. ಅವರ ಕೈಕೆಳಗೆ ಕಲಿತವಳಿಗೆ ಇದೇನು ದೊಡ್ಡದು!

"ಮತ್ತ ಹೆಣ್ಣಿನ ಜಾತಿ ಹೆಂಗ ತಿಳ್ಕೊಳ್ಳೂದು?"

"ತಿಳಿಯಂಗಿಲ್ಲ. ಎರಡರವೂ ಹೆಣ್ಣು ಒಂದs ನಮೂನಿ. ಒಂದೊಂದು ಹೆಣ್ಣನ್ನ ಒಂದೊಂದು ಸೀಸೆಯೊಳಗ ಬ್ಯಾರೆ ಇಡೂದು. ತತ್ತಿ ಇಟ್ಟು, ಹುಳಾ ಆಗಿ, ಗೂಡು ಕಟ್ಟಿ, ಹತ್ತು ಹನ್ನೆರಡು ದಿನಕ್ಕ ಗಂಡುಮಕ್ಕಳು ಹೊರಗ ಬರ್ತಾವ. ಮಕ್ಕಳ ಕುಂಡಿ ನೋಡಿ ಅವ್ವ ಯಾವ ಮನಿತನದಾಕಿ ಅಂತ ಹೇಳೂದು."

"ಭಾಳ ಚೊಲೋ ಪದ್ಧತಿ," ಅಂದೆ. "ನಮ್ಮ ಕಡೆ ಕನ್ಯಾ ನೋಡಾಕ ಬಂದವರು ಇದಕ್ಕಿಂತ ಹೆಚ್ಚು ಕೇಳ್ತಾರ."

ನೊಣದ ಊಟ ಬೇಯಿಸುವುದೂ ನನ್ನ ಪಾಲಿಗೇ ಬಂತು. ರವೆ, ಬೆಲ್ಲ, ನೀರು, ಗಟ್ಟಿಯಾಗಲು ಚೈನಾಗ್ರಾಸು, ಆರಿದ ಮೇಲೆ ಚಿಟಿಕೆ ಯೀಸ್ಟು. ನೇರ ಹೇಳಬೇಕೆಂದರೆ ನಮ್ಮ ಸಜ್ಜಕವೇ, ತುಪ್ಪ ಏಲಕ್ಕಿ ಇಲ್ಲದ್ದು. ಅದನ್ನು ತಳಕ್ಕೆ ಹುಯ್ದ ಕೆಲವು ಸೀಸೆಗಳನ್ನು ಸಿದ್ಧಮಾಡಿಕೊಂಡೆವು. ಉಳಿದದ್ದಕ್ಕೆ ರವೆ, ಬೆಲ್ಲ ಕಟ್ಟಿಕೊಂಡೆವು. ಸೂಕ್ಷ್ಮದರ್ಶಕವನ್ನು ನನ್ನ ಎರಡು ಲಂಗಗಳಲ್ಲಿ ಸುತ್ತಿದೆ.

ಲೋಣಾವಳಾ ದಾಟುತ್ತ

ಮುಂಬೈಗೆ ಹೋಗುವ ಟ್ಯಾಕ್ಸಿಯನ್ನು ಲೋಣಾವಳಾದಲ್ಲಿ ನಿಲ್ಲಿಸಿ ಚಿಕ್ಕಿ ತೆಗೆದುಕೊಂಡೆ. ಬರಿಗೈಲಿ ಒಬ್ಬರ ಮನೆಗೆ ಹೋಗುವುದು ಹೇಗೆ? ವಸುವಿನ ಗುರುಗಳ ಪರಿಚಯದವರೊಬ್ಬರು ನಮ್ಮನ್ನು ಒಂದು ಮರಾಠಿ ಅಜ್ಜಿಯ ಮನೆಯಲ್ಲಿ ಇಳಿಸುವ ಏರ್ಪಾಟು ಮಾಡಿದ್ದರು. ಆಫ್ರಿಕಾದ ಮಗ್ಗುಲಿನ ದ್ವೀಪದಲ್ಲಿ ಮರಾಠಿ ಅಜ್ಜಿ! ನಾನು ನಂಬಿರಲಿಲ್ಲ.

"ಪುಣ್ಯಾದಾಗ ಇಪ್ಪತ್ತು ವರ್ಷ ಮರಾಠಿ ಮಾತಾಡಿದ್ದು ಸಾಲಲಿಲ್ಲ ಅಂತ ಈಗ ಸಮುದ್ರ ದಾಟಿ ಮಾತಾಡಾಕ ಹೊಂಟೇವಿ," ಅಂದೆ.

ವಸು ನಗಲಿಲ್ಲ. ಜೋಳಿಗೆಯಲ್ಲಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, "ವೈನಿ, ಈ ಸಲ ಸಿಗಲಿಲ್ಲಂದ್ರ ನಾ ಇದನ್ನ ಬಿಟ್ಟಬಿಡ್ತೀನಿ," ಅಂದಳು. ಹಿರಿಯರ ಮುಂದೆ ಆಡುವ ಹಟದ ಮಾತಾಗಿರಲಿಲ್ಲ ಅದು. ಲೆಕ್ಕ ಮುಗಿಸಿದವರ ದನಿ. ನಾನು ಚಿಕ್ಕಿಯ ಪೊಟ್ಟಣ ಬಿಚ್ಚಿ ಅವಳ ಎಡಗೈಗೆ ಒಂದು ತುಂಡು ಇಟ್ಟೆ.

ವಾಕ್ವಾ, ಆನಂದಿ ಮಾವಶಿಯ ಮನೆ

ವಿಮಾನ ನಿಲ್ದಾಣದಿಂದ ವಾಕ್ವಾ ಊರಿನ ತನಕ ದಾರಿಯ ಎರಡೂ ಕಡೆ ಕಬ್ಬು. ಹೊಲದ ನಡುನಡುವೆ ಕರಿಕಲ್ಲಿನ ರಾಶಿಗಳು, ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ. ಹೊಲ ಹಸನು ಮಾಡುವಾಗ ಹಿಂದಿನವರು ಕೈಯಿಂದ ಆರಿಸಿ ಒಟ್ಟಿದ ಕಲ್ಲುಗಳಂತೆ. ಆರಿಸುವ ಕೆಲಸಕ್ಕೆ ಈ ದ್ವೀಪದಲ್ಲಿ ನಾವೇ ಮೊದಲಿಗರಲ್ಲ ಎಂದುಕೊಂಡೆ. ವಾಕ್ವಾ ಎತ್ತರದ ಊರು, ಲೋಣಾವಳಾದ ತಂಗಿ. ಅದೇ ಮಂಜು, ಅದೇ ಒಣಗದ ಬಟ್ಟೆ. ನಮ್ಮಲ್ಲಿ ಮೇ ತಿಂಗಳೆಂದರೆ ಬೆಂಕಿ. ಇವರಿಗೆ ಚಳಿಗಾಲದ ಬಾಗಿಲು.

ಆ ಮರಾಠಿ ಅಜ್ಜಿ, ಊರಿಗೆಲ್ಲ ಆನಂದಿ ಮಾವಶಿ, ಅಂದರೆ ಚಿಕ್ಕಮ್ಮ, ಬಾಗಿಲಲ್ಲಿ ನಿಂತಿದ್ದರು. ಫ್ರಾಕಿನಂಥ ಅಂಗಿ, ಮೇಲೆ ಸ್ವೆಟರು, ಹಣೆಯಲ್ಲಿ ಕಾಸಗಲ ಕುಂಕುಮ. ನಮ್ಮನ್ನು ನೋಡಿದ್ದೇ, "ಯಾ ಗ ಪೋರೀಂನೋ!" ಅಂದರು, ಬನ್ನಿರೇ ಹುಡುಗಿಯರೇ ಎಂದು. ಅವರ ಮುತ್ತಜ್ಜ ರತ್ನಾಗಿರಿ ಕಡೆಯಿಂದ ಕಬ್ಬಿನ ಕೂಲಿಗೆ ಹಡಗು ಹತ್ತಿದವನು. ಮಾವಶಿ ಇಂಡಿಯಾ ನೋಡಿದವರಲ್ಲ. ಅವರ ಮರಾಠಿಯಲ್ಲಿ ಪುಣೆಯವರು ಮರೆತ ಮಾತುಗಳಿದ್ದವು, ನಡುವೆ ಅಲ್ಲಿಯ ಕ್ರಿಯೋಲ್ ಮಾತು ಬೇಳೆಯಲ್ಲಿ ಜೀರಿಗೆಯಂತೆ ಸಿಗುತ್ತಿತ್ತು. ನಾನು ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಮನೆಮಾತಿಗೆ ಇಳಿಸಿ ಬರೆಯುತ್ತಿದ್ದೇನೆ.

ನಾನೂ ವಸುವೂ ಏನೋ ಮಾತಾಡಿಕೊಂಡದ್ದನ್ನು ಕೇಳಿ ಅವರ ಹುಬ್ಬು ಮೇಲೇರಿತು. "ನೀವು ಮರಾಠಿಯವರು ಅಲ್ಲೇನು?"

"ಅಲ್ರಿ, ಕನ್ನಡದವರು."

"ಹಣಿಗೆ ಕುಂಕುಮ ಅದ, ಕೈಯಾಗ ಹಸಿರು ಬಳಿ ಅವ, ಮಾತು ಬರ್ತದ. ಮತ್ತ ಫರಕು ಎಲ್ಲಿ?"

ಹಿಂಭಾಗದಲ್ಲಿ ಎಂದು ವಸು ನನ್ನ ಕಿವಿಯಲ್ಲಿ ಹೇಳಿದಳು. ನಾನು ನಗು ತಡೆಯಲು ಚಿಕ್ಕಿಯ ಪೊಟ್ಟಣ ಮುಂದೆ ಮಾಡಿದೆ.

ಮಧ್ಯಾಹ್ನ ಹೋಳಿಗೆ ಬಡಿಸಿದರು. ತೆಳ್ಳಗೆ, ಮೆತ್ತಗೆ, ಒಳಗೆ ಕಡಲೆಬೇಳೆಯ ಹೂರಣ. ಬಾಯಿಗಿಟ್ಟರೆ ಸಿಹಿಯೇ ಇಲ್ಲ! ಪಾಪ, ವಯಸ್ಸಾದವರು, ಬೆಲ್ಲ ಮರೆತಿದ್ದಾರೆ ಎಂದು ನಾನು ಸುಮ್ಮನೆ ನುಂಗುತ್ತಿದ್ದೆ. ಅಷ್ಟರಲ್ಲಿ ಅವರು ಅದರ ಮೇಲೆ ಕಾಳಿನ ಪಲ್ಯ ಸುರಿದು, ಖಾರದ ಚಟ್ನಿ ಬಳಿದು, ಸುರುಳಿ ಸುತ್ತಿ ಕೊಟ್ಟರು. ಅಲ್ಲಿ ದಾಲ್‌ಪುರಿ ಎಂದರೆ ಅದೇ. ಬಸ್‌ಸ್ಟ್ಯಾಂಡಿನಲ್ಲಿ ಕಾಗದದಲ್ಲಿ ಸುತ್ತಿ ಮಾರುತ್ತಾರೆ. ನೋಡಲು ಪಕ್ಕಾ ನಮ್ಮ ಹೋಳಿಗೆ, ಜಾತಿ ಬೇರೆ. ಆ ದೇಶದಲ್ಲಿ ಎಲ್ಲವೂ ಹೀಗೇ ನನ್ನನ್ನು ಪರೀಕ್ಷೆ ಮಾಡುತ್ತಿತ್ತು.

ಅವರ ಹಿತ್ತಲಲ್ಲಿ ಒಂದು ಪೇರಲ ಗಿಡವಿತ್ತು. ಕೆಳಗೆ ಉದುರಿದ ಹಣ್ಣು, ಹಣ್ಣಿನ ಮೇಲೆ ನೊಣ. ಮರುದಿನವೇ ನಾನು ಹೀರುಗೊಳವೆ ತೆಗೆದುಕೊಂಡು ಕೂತೆ. ರಬ್ಬರಿನ ಕೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ನೊಣದ ಬೆನ್ನ ಮೇಲೆ. ಮೆಲ್ಲಗೆ ಉಸಿರೆಳೆದರೆ ನೊಣ ಒಳಗೆ ಬರುತ್ತದೆ. ಬಾಯಿಗೆ ಬಾರದಂತೆ ನಡುವೆ ಜಾಳಿ ಬಟ್ಟೆ ಇರುತ್ತದೆ. ಗೋಡೆಯಾಚೆಯ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ, ಮಾವಶಿಗೆ ಏನೋ ಕೇಳಿದಳು. ಮಾವಶಿ ಕ್ರಿಯೋಲಿನಲ್ಲಿ ಗತ್ತಿನಿಂದ ಉತ್ತರ ಕೊಟ್ಟರು.

"ಆಕಿ ಏನ್ ಕೇಳಿದ್ಳು?" ಅಂದೆ.

"ನಿಮ್ಮ ಮನಿಗೆ ಬಂದಾಕಿ ನೊಣ ಯಾಕ ಸೇದಾಕತ್ತಾಳ ಅಂತ. ಇಂಡಿಯಾದಾಗ ದೊಡ್ಡ ಡಾಕ್ಟರ ಅದಾಳ ಅಂತ ಹೇಳೀನಿ. ನೀ ಸುಮ್ಮ ಸೇದು."

ಸಂಜೆ ಬರ್ಫದ ಮೇಲೆ ಮಲಗಿಸಿ ಗಂಡುಗಳನ್ನು ನೋಡಿದೆವು. ಕೊಕ್ಕೆ, ಕೊಕ್ಕೆ, ಕೊಕ್ಕೆ, ಬೆರಳು, ಕೊಕ್ಕೆ, ಮತ್ತೆ ಕೊಕ್ಕೆ. ವಸು ಕಣ್ಣು ತೆಗೆದಳು. "ಸಂತಿ ಆಗೇದ. ಇಲ್ಲೂ ನಮ್ಮ ಅಡಿಗಿಮನಿ ಜಾತಿನs ತುಂಬೇದ. ಈ ಹೆಣ್ಣೊಳಗ ಯಾವುದು ಯಾರ ಪೈಕಿ ಅಂತ ಹೇಳೂದು? ಇವನ್ನ ಚೆಲ್ಲಿಬಿಡ್ರಿ ವೈನಿ. ಗುಡ್ಡದ ಕಾಡಾಗ ಶುದ್ಧ ಸಿಗ್ತಾವ."

ನನಗೆ ಚೆಲ್ಲಲು ಮನಸ್ಸಾಗಲಿಲ್ಲ. ಹೊಟ್ಟೆ ತುಂಬಿಕೊಂಡ ಹೆಣ್ಣುಗಳು. ಪುಣೆಯಿಂದ ತಂದ ಸೀಸೆಗಳಿಗೆ ಒಂದೊಂದರಂತೆ ಬಿಟ್ಟು, ಹತ್ತಿಯ ಬಿರಡೆ ಹಾಕಿ, ಮಾವಶಿಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದೆ. ವಸುವಿನ ಮನಸ್ಸು ಆಗಲೇ ಗುಡ್ಡ ಹತ್ತಿತ್ತು.

ಗುಡ್ಡ

ಗುಡ್ಡದ ಮೇಲೆ ಸಣ್ಣ ಕೆಂಪು ಪೇರಲ ಹಣ್ಣಿನ ಪೊದೆಗಳು ಮೈಲುಗಟ್ಟಲೆ. ಅವು ಹಣ್ಣಾಗುವ ಕಾಲಕ್ಕೆ ಊರಿನವರೆಲ್ಲ ಚೀಲ ಹಿಡಿದು ಹೋಗುತ್ತಾರೆ. ಅಲ್ಲಿಯೇ ಉಪ್ಪು ಖಾರ ಹಚ್ಚಿ ತಿನ್ನುತ್ತಾರೆ, ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ನಮ್ಮ ಊರಿನವರು ಮಾವಿನಕಾಯಿ ತಿನ್ನುವ ಹಾಗೆ. ನಾವು ಬಾಳೆಹಣ್ಣು ಹಾಕಿದ ಡಬ್ಬಿಗಳನ್ನು ಮರಕ್ಕೆ ಕಟ್ಟಿ ಬಂದೆವು. ಮರುದಿನ ಹೋದರೆ ಒಂದರಲ್ಲೂ ಹಣ್ಣಿಲ್ಲ. ಮೇಲಿನ ಕೊಂಬೆಯಲ್ಲಿ ಒಂದು ಕೋತಿ ನಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೈಯಾಡಿಸುತ್ತಿತ್ತು. ಸಂಬಳದ ಹಿಂದಿನ ದಿನ ಡಬ್ಬಿ ತಡಕಾಡುವ ಗೃಹಿಣಿಯ ಮುಖ ಅದರದು.

"ಹುಶ್!" ಎಂದು ವಸು ಪ್ಲಾಸ್ಟರಿನ ಕೈ ಎತ್ತಿದಳು. ಕೋತಿ ಡಬ್ಬಿಯನ್ನೇ ಎಸೆಯಿತು.

ಆಮೇಲೆ ಮಳೆ ಹಿಡಿಯಿತು. ವಾಕ್ವಾದ ಮಳೆಗೆ ಸದ್ದಿಲ್ಲ, ಮುಗಿಯುವುದೂ ಇಲ್ಲ. ಗುಡ್ಡದ ದಾರಿ ಮಂಜಿನಲ್ಲಿ ಮುಚ್ಚಿತು. ವಸು ದಿನಾ ಬೆಳಿಗ್ಗೆ ಕಿಟಕಿಗೆ ಹೋಗಿ ನಿಲ್ಲುವಳು, ಬರುವಳು. ನನಗೆ ನೆಗಡಿಯಾಗಿ ಮೂಗು ಕಟ್ಟಿತು. ನಮ್ಮ ವಿಮಾನದ ದಿನ ಹತ್ತಿರ ಬರುತ್ತಿತ್ತು. ಮಾವಶಿ ಅವಳ ಮುಖ ನೋಡಲಾರದೆ ಗಣಪತಿಗೆ ಹರಕೆ ಹೊತ್ತರು: "ದೇವಾ, ಈ ಪೋರಿಗೆ ನೊಣಾ ಕೊಡು." ಗಣಪತಿಯ ಮುಂದೆ ಅಂಥ ಬೇಡಿಕೆ ಅದೇ ಮೊದಲಿರಬೇಕು.

ಹೊರಡಲು ಮೂರು ದಿನ ಉಳಿದಿರುವಾಗ ರೇಡಿಯೋದಲ್ಲಿ ನಾಳೆ ಬಿಸಿಲು ಎಂದರು. ಪುಣೆಯ ಸೀಸೆಗಳು ಹಿತ್ತಲ ನೊಣಗಳಿಗೇ ಮುಗಿದಿದ್ದವು. ಅವತ್ತೇ ಸಂಜೆ ಹೊಸ ಊಟ ಬೇಯಿಸಲು ನಿಂತೆ. ರವೆ ಕುದಿಯುವಾಗ ವಸು ಸೀಸೆ ಜೋಡಿಸಿಕೊಡಲು ಕರೆದಳು. "ನಾ ಕೈಯಾಡಸ್ತೀನಿ, ನೀ ಹೋಗು," ಎಂದು ಮಾವಶಿ ಸೌಟು ಇಸಿದುಕೊಂಡರು. ನಾನು ಬಂದು ಬಿಸಿಬಿಸಿಯಾಗಿಯೇ ಸೀಸೆಗಳಿಗೆ ಹುಯ್ದೆ. ಮೇಲೆ ಹೊಳಪಿತ್ತು. ಚೈನಾಗ್ರಾಸಿನ ಹೊಳಪು ಎಂದುಕೊಂಡೆ.

ಮರುದಿನದ ಗುಡ್ಡ ಬೇರೆಯೇ. ತೊಳೆದಿಟ್ಟ ಹಸಿರು, ನೆಲದ ತುಂಬ ಕೊಳೆತ ಕೆಂಪು ಹಣ್ಣು, ಪ್ರತಿ ಹಣ್ಣಿನ ಮೇಲೂ ನೊಣಗಳ ಸಂತೆ. ಕಟ್ಟಿದ ಮೂಗಿನಿಂದಲೇ ಉಸಿರೆಳೆದೂ ಎಳೆದೂ ನನಗೆ ತಲೆ ಸುತ್ತುವ ತನಕ ಹಿಡಿದೆ. ಮನೆಗೆ ಬಂದು ಗಂಡುಗಳನ್ನು ಹೊರಳಿಸಿದೆ. ಬೆರಳು. ಬೆರಳು. ಬೆರಳು. ಒಂದೇ ಒಂದು ಕೊಕ್ಕೆ ಇಲ್ಲ. ಆ ಪ್ರವಾಸದಲ್ಲಿ ವಸು ಬಾಯಿ ತುಂಬ ನಕ್ಕದ್ದು ಆ ಸಂಜೆ. ಒಂದೊಂದು ಹೆಣ್ಣನ್ನು ಒಂದೊಂದು ಹೊಸ ಸೀಸೆಗೆ ಬಿಡುತ್ತ ನಾನು, "ಶುದ್ಧ ಮನಿತನದವರು, ಜ್ವಾಕಿ," ಅಂದೆ.

ಮತ್ತೆ ವಾಕ್ವಾ

ಬೆಳಿಗ್ಗೆ ವಸುವಿನ ದನಿ ಕೇಳಿ ಎದ್ದೆ. "ವೈನಿ, ಇಲ್ಲಿ ಬರ್ರಿ." ಅಷ್ಟೇ. ಕೂಗಿರಲಿಲ್ಲ.

ಹೊಸ ಸೀಸೆಗಳಲ್ಲಿ ಒಂದು ನೊಣವೂ ಹಾರುತ್ತಿರಲಿಲ್ಲ. ಊಟದ ಮೇಲೆ ಬಿಳಿಯ ತೆಳು ಪದರ ಹೆಪ್ಪುಗಟ್ಟಿತ್ತು. ಅದಕ್ಕೆ ರೆಕ್ಕೆ ಅಂಟಿ ಮಗ್ಗುಲಾಗಿ ಬಿದ್ದಿದ್ದವು, ಎಲ್ಲವೂ. ವಸು ಒಂದು ಸೀಸೆಯನ್ನು ನನ್ನ ಮೂಗಿಗೆ ಹಿಡಿದಳು. ಕಟ್ಟಿದ ಮೂಗಿಗೂ ಅಷ್ಟು ಹತ್ತಿರದಿಂದ ತಿಳಿಯಿತು. ಏಲಕ್ಕಿ.

"ಮಾವಶಿ," ಅಂದೆ, "ನೀವು ಇದರಾಗ ಏನರ ಹಾಕಿದ್ರೇನು?"

"ಸ್ವಲ್ಪ ತೂಪ ಹಾಕಿದೆ," ಅಂದರು ಮಾವಶಿ ಸಂತೋಷದಿಂದ. ತೂಪ ಎಂದರೆ ಅವರ ಮರಾಠಿಯಲ್ಲಿ ತುಪ್ಪ. "ನೀ ಒಣಾ ಶಿರಾ ಮಾಡಿದ್ದಿ, ಪಾಪ. ಮನಿಗೆ ಬಂದವರು ಯಾರs ಇರಲಿ, ಒಣಾ ಶಿರಾ ಇಡಬಾರದು. ಏಲಕ್ಕಿನೂ ಹಾಕೀನಿ. ತಿಂದವೇನು?"

ವಸು ಅವರನ್ನೇ ನೋಡಿದಳು. ಹೊರಗೆ ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು.

ಮಾವಶಿಗೆ ತಿಳಿಸಿ ಹೇಳುವ ಕೆಲಸ ನನಗೆ ಬಿತ್ತು. ಅವರು ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. "ನಾ ಕೊಂದೆ," ಅಂದರು. "ಉಣ್ಣಿಸಿ ಕೊಂದೆ." ಅವತ್ತು ಆ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಲಿಲ್ಲ. ಮಾವಶಿ ವಸುವಿನ ತಟ್ಟೆಗೆ ಬಡಿಸುವರು, ಮಾತಾಡುವವರಲ್ಲ. ವಸು ಉಣ್ಣುವಳು, ತಲೆ ಎತ್ತುವವಳಲ್ಲ. ಗುಡ್ಡಕ್ಕೆ ಮತ್ತೆ ಮಂಜು ಇಳಿಯಿತು. ವಿಮಾನ ಮರುದಿನ.

ನಾನು ಹಿತ್ತಲಿಗೆ ಹೋಗಿ ಅವಳ ಪಕ್ಕ ಕೂತೆ. "ಕಪಾಟಿನ್ಯಾಗ ಮೊದಲಿನ ಸೀಸೆ ಅವ. ಪುಣ್ಯಾದ ಊಟದ್ದು. ತುಪ್ಪ ಬಿದ್ದಿಲ್ಲ."

"ಅವು ಸಂತಿ ನೊಣ ವೈನಿ. ನೀವs ನೋಡಿದ್ರಲ್ಲ, ಹತ್ತರಾಗ ಒಂಬತ್ತು ಕೊಕ್ಕಿ."

"ಒಂದು ಬೆರಳು ಇತ್ತಲ್ಲ. ಅದಕ್ಕೂ ಒಬ್ಬ ಅವ್ವ ಇದ್ದಿರಬೇಕಲ್ಲ."

ಅವಳು ನನ್ನ ಜೊತೆ ಒಳಗೆ ಬಂದು ಸೀಸೆಗಳನ್ನು ಬೆಳಕಿಗೆ ಹಿಡಿದಳು. ಗಾಜಿನ ಗೋಡೆಗೆ ಕಂದು ಬಣ್ಣದ ಗೂಡುಗಳು, ಅಕ್ಕಿಯ ನುಚ್ಚು ಅಂಟಿಸಿದ ಹಾಗೆ. ಕೆಲವು ಕಪ್ಪಾಗತೊಡಗಿದ್ದವು. ಇಂದೋ ನಾಳೆಯೋ ಹೊರಬರುವವು. ಅವು ಯಾವ ಜಾತಿ ಎಂದು ಗೂಡು ನೋಡಿ ಹೇಳಲು ವಸುವಿಗೂ ಬಾರದು, ನನಗೂ ಬಾರದು.

ಹೊರಡುವ ಹೊತ್ತಿಗೆ ಮಾವಶಿ ಮಣೆ ಹಾಕಿ ನನಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ. ಹಣ್ಣು ಬೇಡವೆಂದು ನಾನೇ ಮೊದಲು ಹೇಳಿದ್ದೆ, ಹಣ್ಣಿನ ಜೊತೆ ಮತ್ತೆ ಯಾವ ಜಾತಿ ಹತ್ತಿಕೊಂಡು ಬರುತ್ತದೋ ಎಂದು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮಾವಶಿ ವಸುವಿನ ಕಡೆ ತಿರುಗಿದರು.

"ನೀನೂ ಬಾ."

"ನಂಗ್ಯಾಕ್ರಿ ಮಾವಶಿ, ನಂದು ಮದುವಿ ಆಗಿಲ್ಲ." ಎರಡು ದಿನಗಳಲ್ಲಿ ಅವಳು ಅವರಿಗೆ ಹೇಳಿದ ಮೊದಲ ಮಾತು.

"ಆಗದಿದ್ರ ಏನಾತು? ಮನಿತುಂಬ ಬಾಳಂತ್ಯಾರನ್ನ ಕರಕೊಂಡು ಹೊಂಟೀದಿ. ಬರಿ ಉಡಿಲೆ ಕಳಸಲೇನು ನಿನ್ನ? ಸೆರಗು ಒಡ್ಡು."

ವಸು ಚೂಡಿದಾರ ಹಾಕಿದ್ದಳು. ಓಢಣಿ ಒಡ್ಡಲು ಇನ್ನೊಂದು ಕೈ ಇಲ್ಲ. ಮಾವಶಿ ಒಂದು ಗಳಿಗೆ ಯೋಚಿಸಿ, ಕೈ ತೂಗುಹಾಕಿದ್ದ ಜೋಳಿಗೆಯ ಬಾಯಿಯನ್ನೇ ಅಗಲಿಸಿ, ಅದರೊಳಗೆ ಎರಡು ಹಿಡಿ ಅಕ್ಕಿ, ಒಂದು ಅಡಿಕೆ ಹಾಕಿದರು. "ಒಳ್ಳೆ ಸುದ್ದಿ ಕಳಸು," ಅಂದರು. ವಸು ಜೋಳಿಗೆಯನ್ನು ನೋಡಿದಳು. ಆಮೇಲೆ ಬಾಗಿ ಎಡಗೈಯಿಂದ ಅವರ ಕಾಲು ಮುಟ್ಟಿದಳು. ಬಾಗಿದಾಗ ಒಂದಿಷ್ಟು ಅಕ್ಕಿ ಚೆಲ್ಲಿತು. ಚೆಲ್ಲಿದ್ದನ್ನು ಮಾವಶಿ ಆರಿಸಿ ಮತ್ತೆ ಒಳಗೆ ಹಾಕಿದರು.

ಮುಂಬೈ

ವಿಮಾನದ ಚಳಿಗೆ ನೊಣಗಳು ಸೋಲಬಾರದೆಂದು ಸೀಸೆಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟು ಶಾಲು ಹೊದಿಸಿ ಕೂತಿದ್ದೆ. ಮುಂಬೈಯ ತಪಾಸಣೆಯವನು ಡಬ್ಬಿ ತೆರೆಸಿದ. ವಸು ಪರವಾನಗಿಯ ಕಾಗದ ಕೊಟ್ಟಳು. ಅವನು ಕಾಗದ ಓದಿದ, ಸೀಸೆ ನೋಡಿದ, ನಮ್ಮನ್ನು ನೋಡಿದ.

"ಏನಮ್ಮಾ, ಚಿಲಟಗಳೇ?" ಅಂದ ಮರಾಠಿಯಲ್ಲಿ. "ಪುಣೆಯಲ್ಲಿ ಇವಕ್ಕೆ ಬರಗಾಲ ಬಂತೇ?"

"ನಮ್ಮದು ಕೊಕ್ಕೆಯದು. ಇದು ಬೆರಳಿನದು," ಎಂದು ನಾನು ಗಟ್ಟಿಯಾಗಿ ಹೇಳಿದೆ. ಅವನಿಗೆ ಏನು ತಿಳಿಯಿತೋ, ಕಾಗದಕ್ಕೆ ಮುದ್ರೆ ಒತ್ತಿದ. ಆಚೆ ಬಂದ ಮೇಲೆ ವಸು, "ಬೆರಳಿನದು ಅಂತ ನಿಮಗ ಯಾರು ಹೇಳಿದ್ರು?" ಅಂದಳು.

"ಹಿಂಜರಕೊಂಡು ಹೇಳಿದ್ರ ಅಂವಾ ಬಿಡತಿದ್ದನೇನು?"

ವಸುವಿನ ಜೋಳಿಗೆಯ ಅಕ್ಕಿಯನ್ನು ಯಾರೂ ಕೇಳಲಿಲ್ಲ.

ಪುಣೆ, ಮೇಜಿನ ಮೇಲೆ

ಮನೆಗೆ ಬಂದಾಗ ಬೆಳಗಿನ ಹಾಲು ಬಂದಿತ್ತು. ನಮ್ಮವರು ಚಹಾ ಮಾಡಿಟ್ಟು, ಮೇಜಿನ ಮೇಲಿನ ಪೇಪರು ಎತ್ತಿ, ಏನೂ ಕೇಳದೆ ಆಚೆ ಹೋದರು. ಡಬ್ಬಿ ತೆರೆದರೆ ಎಲ್ಲ ಸೀಸೆಗಳಲ್ಲೂ ಹೊಸ ನೊಣಗಳು. ರೆಕ್ಕೆ ಇನ್ನೂ ಮಸುಕು, ಮೈ ಬಿಳಿಚು. ನಾನು ಬರ್ಫ ತಂದೆ, ಲಂಗದಿಂದ ಸೂಕ್ಷ್ಮದರ್ಶಕ ಬಿಚ್ಚಿದೆ.

ಮೊದಲ ಸೀಸೆಯ ಗಂಡುಮಗ. ಹೊರಳಿಸಿದೆ. ವಸು ನೋಡಿ, "ಕೊಕ್ಕಿ," ಅಂದಳು. ಎರಡನೆಯದು, ಕೊಕ್ಕಿ. ಮೂರನೆಯದೂ. ಹೀಗೇ ಸೀಸೆಗಳು ಮೇಜಿನ ಎಡಗಡೆ ಸರಿಯುತ್ತ ಹೋದವು. ಬಲಗಡೆ ಒಂದೂ ಇಲ್ಲ. ಎರಡು ಸೀಸೆ ಉಳಿದಾಗ ವಸು ಕುರ್ಚಿ ಹಿಂದೆ ಸರಿಸಿ ಎದ್ದು ಕಿಟಕಿಗೆ ಹೋದಳು, ವಾಕ್ವಾದಲ್ಲಿ ಮಳೆ ನೋಡುತ್ತಿದ್ದ ಹಾಗೇ.

"ಇನ್ನ ನೀವs ನೋಡ್ರಿ ವೈನಿ. ನನ್ನ ಕೈಲೆ ಆಗಂಗಿಲ್ಲ."

ನೋಡಿದೆ. ಒಂದು ಕೊಕ್ಕೆ. ಹೇಳಿದೆ.

ಕೊನೆಯ ಸೀಸೆಯಲ್ಲಿ ಹುಟ್ಟಿದವು ಕಡಿಮೆ. ಗಂಡುಗಳು ಐದಾರು ಮಾತ್ರ. ಮೊದಲನೆಯದನ್ನು ಕುಂಚದಿಂದ ಮಗ್ಗುಲಾಗಿಸಿದೆ. ಕಾಲು ಅಡ್ಡ ಬಂತು. ಸರಿಸಿದೆ. ಗುಂಡಿ ತಿರುಗಿಸಿ ಕಣ್ಣಿಗೆ ತಂದೆ. ಸಿಸ್ಟರ್ ಬಟ್ಟೆ ತಿರುಗಿಸಿ ಬೆಳಕಿಗೆ ಹಿಡಿಯುತ್ತಿದ್ದ ಹಾಗೆ ಅವಸರ ಮಾಡದೆ ನೋಡಿದೆ. ಬಾಗಿಲ್ಲ. ನೆಟ್ಟಗೆ, ತೆಳ್ಳಗೆ ಇದೆ. ಎರಡನೆಯದು, ಮೂರನೆಯದು, ಉಳಿದವೂ. ಎಲ್ಲ ಒಂದೇ ಮನೆತನ.

"ವಸು, ಬೆರಳು."

"ನಿಮ್ಮ ಆಸೆಗೆ ಹೇಳಬ್ಯಾಡ್ರಿ."

"ನಾ ಆಸೆಗೆ ಅಕ್ಕಿ ಆರಸಂಗಿಲ್ಲ. ಬೆರಳಂದ್ರ ಬೆರಳು. ಬಂದು ನೋಡು. ಆನಂದಿ ಮಾವಶಿ ಹಿತ್ತಲದ್ದು."

ಅವಳು ಬಂದಳು. ನಾನು ಕುರ್ಚಿ ಬಿಟ್ಟುಕೊಟ್ಟೆ. ಎಡಗೈಯಿಂದ ಮೇಜು ಹಿಡಿದು, ಪ್ಲಾಸ್ಟರಿನ ಕೈ ಜೋಳಿಗೆಯಲ್ಲೇ ತೂಗುತ್ತಿರಲು ಮುಂದಕ್ಕೆ ಬಾಗಿದಳು. ಬಾಗಿದ್ದೇ ತಡ, ಜೋಳಿಗೆಯ ಮೂಲೆಯಿಂದ ಎರಡು ಕಾಳು ಅಕ್ಕಿ ಜಾರಿ ಬರ್ಫದ ತಟ್ಟೆಗೆ ಬಿದ್ದವು. "ಬೆರಳs ವೈನಿ," ಅಂದಳು, ಕಣ್ಣು ತೆಗೆಯದೆಯೇ.

"ನನಗೂ ತೋರಸು," ಅಂದೆ.

ನೋಡಿದೆ. ನಿದ್ದೆ ಹೋದ ನೊಣ ಹಾಗೇ ಮಗ್ಗುಲಾಗಿತ್ತು. ಅದರ ಪಕ್ಕದಲ್ಲಿ ವಾಕ್ವಾದ ಹೊಲದ ಕಲ್ಲುರಾಶಿಯಷ್ಟು ದೊಡ್ಡದಾಗಿ, ಬೆಳ್ಳಗೆ, ಮಾವಶಿಯ ಅಕ್ಕಿಯ ಕಾಳು. ಕುಂಚ ನನ್ನ ಕೈಯಲ್ಲೇ ಇತ್ತು. ಆ ಕಾಳನ್ನು ಸರಿಸಲಿಲ್ಲ.